ಪದಚರ್ಚೆ: ಮಳೆನೀರಿನ ಆ್ಯಪ್‌ಗೆ ಮೂರು ಮಾತು ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ತಾರಸಿಯ ಮಳೆನೀರನ್ನು ಸಂಪಿನಲ್ಲಿ ಹಿಡಿದು ಬಳಸುವ ಮನೆಗಳಿಗಾಗಿ ಒಂದು ಮೊಬೈಲ್ ಆ್ಯಪ್ ತಯಾರಾಗುತ್ತಿದೆ. ಮಳೆಕೊಯ್ಲು, ಸಂಪು, ಇಂಗುಗುಂಡಿ ಜನರ ಬಾಯಲ್ಲಿ ನಿಂತ ಮಾತುಗಳು, ಅವುಗಳ ಗೊಡವೆ ಇಲ್ಲ. ತೊಡಕು ಬೇರೆ ಮೂರು ಕಡೆ ಇದೆ.

ಹೆಚ್ಚು ಕಾಡುತ್ತಿರುವುದು ‘ಫಸ್ಟ್ ಫ್ಲಶ್’. ಮಳೆ ಶುರುವಾದಾಗ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ, ತರಗೆಲೆಗಳನ್ನು ತೊಳೆದುಕೊಂಡು ಬರುವ ನೀರು ಇದು, ಸಂಪಿಗೆ ಬಿಡಬಾರದು. ‘ಮೊದಲ ಮಳೆ ನೀರು’ ಎಂದು ಬರೆದರೆ ವರ್ಷದ ಮೊದಲ ಮಳೆ ಎಂಬ ಅರ್ಥ ಬರುತ್ತದೆ. ಭರಣಿ ಮಳೆಯಲ್ಲಿ ಒಮ್ಮೆ ಹೊರಗೆ ಬಿಟ್ಟವರು ಆಮೇಲೆ ವಾಲ್ವ್ ಮುಟ್ಟುವುದೇ ಇಲ್ಲ. ಆದರೆ ಮೂರ್ನಾಲ್ಕು ದಿನ ಬಿಸಿಲು ಕಾದು ಮತ್ತೆ ಮಳೆ ಬಂದಾಗಲೆಲ್ಲ ಈ ಕೆಲಸ ಆಗಬೇಕು. ‘ಕೊಳೆನೀರು’ ಎಂದರೆ ಚರಂಡಿ ನೆನಪಾಗುತ್ತದೆ. ‘ಪ್ರಥಮ ಹರಿವು’ ಪ್ಲಂಬರ್ ಬಾಯಿಗೆ ಹತ್ತುವ ಮಾತಲ್ಲ. ಅಕ್ಕಚ್ಚು, ಕಲಗಚ್ಚುಗಳ ಜಾಡು ಹಿಡಿದು ‘ತಾರಸಿಗಚ್ಚು’ ಎನ್ನೋಣವೆಂದರೆ ಗಾರೆ ಗಚ್ಚು ಎಂದುಕೊಳ್ಳುತ್ತಾರೆ. ‘ತೊಳೆನೀರು’ ಕಿವಿಗೆ ಹಿತ. ಆದರೆ ಕುಡಿನೀರು ಎಂದರೆ ಕುಡಿಯುವ ನೀರಾದಂತೆ, ತೊಳೆನೀರು ಎಂದರೆ ಪಾತ್ರೆ ಬಟ್ಟೆ ತೊಳೆಯುವ ನೀರು ಎಂದಾಗಿಬಿಡುತ್ತದೆ. ಅದೇ ಲೆಕ್ಕದಲ್ಲಿ ‘ಚೆಲ್ಲುನೀರು’ ಸರಿಹೋಗುತ್ತದೆ, ಚೆಲ್ಲಬೇಕಾದ ನೀರು. ನನ್ನ ಒಲವು ಇದರ ಕಡೆಗೆ.

ಈ ಮಾತು ಎರಡು ಕಡೆ ಬರುತ್ತದೆ. ಒಂದು, ಅಳತೆ ಹೇಳುವಲ್ಲಿ. 1000 ಚದರ ಅಡಿ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಎಂದರೆ ಸುಮಾರು 93 ಲೀಟರ್. ಕನಿಷ್ಠ ಅಷ್ಟನ್ನಾದರೂ ಹೊರಗೆ ಬಿಡಬೇಕು. ನಾಲ್ಕು ಇಂಚಿನ ಪೈಪನ್ನು ಮೂರು ಅಡಿ ನಿಲ್ಲಿಸಿದರೆ ಹಿಡಿಯುವುದು ಏಳೆಂಟು ಲೀಟರ್ ಮಾತ್ರ, ಯಾತಕ್ಕೂ ಸಾಲದು. ಡ್ರಮ್ ಇಡಬೇಕು, ಇಲ್ಲವೇ ಕೈಯಿಂದ ತಿರುಗಿಸುವ ವಾಲ್ವ್ ಹಾಕಬೇಕು. ಇನ್ನೊಂದು, ಎಚ್ಚರಿಕೆಯಲ್ಲಿ: ‘ಚೆಲ್ಲುನೀರಿನ ಡ್ರಮ್ ಖಾಲಿ ಮಾಡಿ’. ಡ್ರಮ್ಮಿನ ತಳದ ಸಣ್ಣ ತೂತಿಗೆ ಎಲೆ, ಕೆಸರು ಕಟ್ಟಿಕೊಂಡರೆ ಹಳೆಯ ನೀರು ಹಾಗೇ ನಿಂತಿರುತ್ತದೆ; ಮುಂದಿನ ಮಳೆಯ ಕೊಳೆಯೆಲ್ಲ ನೇರ ಸಂಪಿಗೆ. ‘ಚೆಲ್ಲು’ ಎಂದಾಗ ಹಾಳುಮಾಡು ಎಂಬ ಧ್ವನಿ ಬರುತ್ತದೆಯೇ? ಗಿಡಗಳಿಗೆ ಬಿಡಬಹುದಾದ ನೀರು ಅದು.

ಎರಡನೆಯದು ‘ಚದರ’. ತಾರಸಿ ಎಷ್ಟು ಎಂದು ಕೇಳುವ ಜಾಗದಲ್ಲಿ ‘ಚದರ ಅಡಿ’ ಎಂದಿದ್ದರೂ ಕೆಲವರು 12 ಎಂದು ತುಂಬುತ್ತಾರೆ. ಮೇಸ್ತ್ರಿಗಳ ಲೆಕ್ಕದಲ್ಲಿ ಒಂದು ಚದರಕ್ಕೆ 100 ಚದರ ಅಡಿ, ಅವರ ಪ್ರಕಾರ ಅದು ಸರಿಯೇ. ಅದನ್ನು ನೂರರಿಂದ ಗುಣಿಸಿಕೊಂಡರೂ ತೊಂದರೆ ತಪ್ಪದು. ‘ಇಪ್ಪತ್ತು ಚದರದ ಮನೆ’ ಎಂದರೆ ಎಲ್ಲ ಅಂತಸ್ತೂ ಸೇರಿದ ಕಟ್ಟಡ. ಎರಡಂತಸ್ತಿನದಾದರೆ ತಾರಸಿ ಹತ್ತೇ ಚದರ. ಬೆಂಗಳೂರಿನಲ್ಲಿ ಮಳೆಕೊಯ್ಲನ್ನು ಕಡ್ಡಾಯ ಮಾಡಿದ 2009ರ ಕಾನೂನು ತಿದ್ದುಪಡಿ ಬಂದ ಮೇಲೆ ಮಳೆಕೊಯ್ಲಿನ ಮಾತೆಲ್ಲ 30×40, 60×40 ಎಂಬ ನಿವೇಶನದ ಅಳತೆಯಲ್ಲೇ ನಡೆಯುವುದರಿಂದ, ಆ ಅಂಕಿಯನ್ನೇ ತುಂಬುವವರೂ ಇದ್ದಾರೆ. ಹಾಗಾಗಿ ‘ಮಳೆ ಬೀಳುವ ತಾರಸಿಯ ಉದ್ದ ಎಷ್ಟು ಅಡಿ, ಅಗಲ ಎಷ್ಟು ಅಡಿ’ ಎಂದು ಬಿಡಿಸಿ ಕೇಳುವುದು ವಾಸಿ ಅನ್ನಿಸುತ್ತದೆ. ವಾಕ್ಯ ಉದ್ದವಾಯಿತೇ?

ಕೊನೆಯದು ‘ಬೋರ್‌ವೆಲ್ ಮರುಪೂರಣ’. ಇದನ್ನು ತುಂಬಿಸುವುದು ಎಂದು ತಿಳಿದು ತಾರಸಿಯ ಪೈಪನ್ನೇ ಕೇಸಿಂಗ್ (ಬೋರ್‌ನ ಹೊರಕೊಳವೆ) ಒಳಗೆ ಇಳಿಸಿಬಿಡುತ್ತಾರೆ. ಕೆಸರು ಹೋಗಿ ಬಂಡೆಯ ಬಿರುಕು ಮುಚ್ಚುತ್ತದೆ, ಹಿಕ್ಕೆಯ ಸೋಂಕು ಅಂತರ್ಜಲಕ್ಕೆ ಸೇರುತ್ತದೆ. ಮಾಡಬೇಕಾದ್ದು ಕೇಸಿಂಗ್ ಸುತ್ತ ಗುಂಡಿ ತೋಡಿ, ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮರಳು ಹಾಕಿ ನೀರು ಸೋಸಿ ಇಳಿಯುವಂತೆ ಬಿಡುವುದು. ‘ಬೋರ್‌ಗೆ ಇಂಗಿಸಿ’ ಎಂದರೂ ಆ ‘ಗೆ’ ಪೈಪಿನೊಳಕ್ಕೇ ಕರೆದೊಯ್ಯುತ್ತದೆ. ‘ಬೋರ್ ಸುತ್ತ ಇಂಗಿಸಿ’ ಎಂದು ಬದಲಿಸಿದ್ದೇವೆ.

ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ತಾರಸಿ’ ಜಾಗದಲ್ಲಿ ಮಾಡು, ಮಾಳಿಗೆ ಎಂದೇ ಇಡಬೇಕೇ? ಹಂಚಿನ ಮನೆಯ ಸೂರಿಗೆ ಕಟ್ಟುವ ತಗಡಿನ ಅಥವಾ ಪಿವಿಸಿ ದೋಣಿಗೆ ‘ದಂಬೆ’ ಎಂದರೆ ಈಗಲೂ ಗೊತ್ತಾಗುತ್ತದೆಯೇ, ಅಡಿಕೆ ಮರದ್ದಕ್ಕೆ ಮಾತ್ರವೇ?