‘ಲಿಮಿಟೆಡ್ ಗವರ್ನಮೆಂಟ್’ ಅಂದರೆ ಸೀಮಿತ ಸರ್ಕಾರವೇ?

ಪ್ರಶ್ನೆ (ಶಿರಸಿಯಿಂದ): ಅಮೆರಿಕದ ಕನ್ಸರ್ವೇಟಿವ್ ವಿಚಾರಧಾರೆಯ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಿಮಿಟೆಡ್ ಗವರ್ನಮೆಂಟ್‌ಗೆ ‘ಸೀಮಿತ ಸರ್ಕಾರ’, ಕನ್ಸರ್ವೇಟಿವ್‌ಗೆ ‘ಸಂಪ್ರದಾಯವಾದಿ’, ಪರ್ಸನಲ್ ಫ್ರೀಡಮ್‌ಗೆ ‘ಸ್ವೇಚ್ಛೆ’ ಎಂದು ಹಾಕಿದರೆ ನಡೆದೀತೇ? ಬಲ್ಲವರು ತಿಳಿಸಬೇಕು.

ಉತ್ತರ (ಕಾರವಾರದಿಂದ): ಮಾನ್ಯರೇ, ‘ಸೀಮಿತ ಸರ್ಕಾರ’ ವ್ಯಾಕರಣಕ್ಕೆ ಸರಿ, ಅರ್ಥಕ್ಕೆ ಒದಗುವುದಿಲ್ಲ. ಓದಿದವರ ಕಣ್ಣಿಗೆ ಬರುವುದು ಚಿಕ್ಕ ಸರ್ಕಾರ: ನಾಲ್ಕೇ ಇಲಾಖೆ, ಕಡಿಮೆ ನೌಕರರು. ಅದಕ್ಕೆ ಸ್ಮಾಲ್ ಗವರ್ನಮೆಂಟ್ ಎಂಬ ಬೇರೆ ಮಾತೇ ಇದೆ. ಇಲ್ಲಿ ಮಿತಿ ಬೀಳುವುದು ಗಾತ್ರಕ್ಕಲ್ಲ, ಅಧಿಕಾರಕ್ಕೆ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ 10ನೇ ತಿದ್ದುಪಡಿಯನ್ನೇ ನೋಡಿ: ಕೇಂದ್ರಕ್ಕೆ ವಹಿಸಿಕೊಡದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರವೆಲ್ಲ ರಾಜ್ಯಗಳದ್ದು, ಇಲ್ಲವೇ ಜನರದ್ದು.

‘ನಿಯಮಿತ’ ಬೇಡವೇ ಬೇಡ. ಸೊಸೈಟಿ ಬೋರ್ಡಿನ ಕೊನೆಯ ‘ನಿ.’ ನೆನಪಾಗುತ್ತದೆ. ‘ಮಿತ’ದಲ್ಲಿ ಬೇರೆ ತೊಡಕು. ಮಿತಭಾಷಿ, ಮಿತಾಹಾರಿ ಎಂಬಲ್ಲೆಲ್ಲ ಮಿತಿ ತಾನಾಗಿ ಹಾಕಿಕೊಂಡದ್ದು. ಸರ್ಕಾರ ತಾನಾಗಿಯೇ ಸಂಯಮದಿಂದ ಇದ್ದೀತು ಎಂದು ಕನ್ಸರ್ವೇಟಿವ್ ಪಂಥದವರು ನಂಬಿ ಕೂರುವುದಿಲ್ಲ, ಅವರ ತಕರಾರೇ ಅದು. ನಮ್ಮ ಜಿಲ್ಲೆಯ ಜಮೀನು ಕಾಗದಗಳಲ್ಲಿರುವ ‘ಹದ್ದುಬಸ್ತು’ (ಅಳೆದು ಗಡಿ ಗೊತ್ತುಮಾಡುವುದು) ಹತ್ತಿರದ ಪದ. ಗಡಿಕಲ್ಲು ಎಲ್ಲಿ ಎಂಬುದನ್ನು ತೀರ್ಮಾನಿಸುವುದು ಅಳತೆ, ಜಮೀನಿನವನ ಮನಸ್ಸಲ್ಲ. ಬರವಣಿಗೆಯ ನಡುವೆ ‘ಅಧಿಕಾರಕ್ಕೆ ಹದ್ದುಬಸ್ತು ಇರುವ ಸರ್ಕಾರ’ ಎನ್ನಿ; ವ್ಯಾಖ್ಯೆಯ ಜಾಗದಲ್ಲಿ ‘ಪರಿಮಿತಾಧಿಕಾರದ ಸರ್ಕಾರ’, ಸ್ವಲ್ಪ ಭಾರವಾದರೂ ತಪ್ಪಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ‘ಹಕ್ಕು’ ಮತ್ತು ‘ಸವಲತ್ತು’ಗಳಲ್ಲಿ. ಹಕ್ಕು ಸರ್ಕಾರಕ್ಕಿಂತ ಮೊದಲಿನದು, ಸರ್ಕಾರ ಅದನ್ನು ಕಾಯಬೇಕಷ್ಟೇ ಎಂಬುದು ಇವರ ವಾದದ ಬುಡ. ಸವಲತ್ತು ಕೊಟ್ಟವರು ಹಿಂತೆಗೆಯಬಹುದಾದದ್ದು. ಶಿರಸಿ ಕಡೆಯ ಅಡಿಕೆ ತೋಟದವರಿಗೆ ಈ ಭೇದ ಬಿಡಿಸಿ ಹೇಳಬೇಕಿಲ್ಲ: ತೋಟ ಮಾಲ್ಕಿ, ಅಂದರೆ ಸ್ವಂತದ್ದು; ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಾದ ಸೊಪ್ಪಿನ ಬೆಟ್ಟ ಸವಲತ್ತು. ಸೊಪ್ಪು, ದರಕು (ಒಣ ಎಲೆ) ತರಬಹುದು, ನೆಲ ಸರ್ಕಾರದ್ದೇ. ಶ್ರೀಗಂಧದ್ದು ಇನ್ನೂ ವಿಚಿತ್ರ. ಸ್ವಂತ ಜಮೀನಿನಲ್ಲಿ ತಾನಾಗಿ ಹುಟ್ಟಿದ ಮರವೂ ಸರ್ಕಾರದ್ದಾಗಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆ ತಿದ್ದಿದ ಮೇಲೆ ಅದು ಜಮೀನಿನವನದ್ದಾಯಿತು, ಕಡಿಯಲು ಮಾತ್ರ ಅಪ್ಪಣೆ ಬೇಕು. ಆಸ್ತಿ ಹಕ್ಕಿನ ಕತೆ ಇದಕ್ಕೆ ತಿರುಗುಮುರುಗು: ನಮ್ಮ ಸಂವಿಧಾನದ 1978ರ 44ನೇ ತಿದ್ದುಪಡಿ ಅದನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಗೆ ಸರಿಸಿತು. ಆದ್ದರಿಂದ ಮೂಲದಲ್ಲಿ ರೈಟ್ ಇದ್ದಲ್ಲಿ ‘ಸೌಲಭ್ಯ’, ‘ಸವಲತ್ತು’ ಎಂದು ಬರೆದರೆ ಲೇಖಕರ ವಾದವೇ ತಲೆಕೆಳಗಾಗುತ್ತದೆ.

‘ಸಂಪ್ರದಾಯವಾದಿ’ ಎಂದರೆ ನಮ್ಮಲ್ಲಿ ಮಡಿ–ಮೈಲಿಗೆಯ ವಾಸನೆ. ಲೇಖನ ತೆರಿಗೆ, ಲೈಸೆನ್ಸ್, ಸಂವಿಧಾನದ ಬಗ್ಗೆ ಇದ್ದರೆ ‘ಕನ್ಸರ್ವೇಟಿವ್’ ಎಂದೇ ಉಳಿಸಿ. ಎದುರು ಪಕ್ಷವನ್ನು ‘ಉದಾರವಾದಿ’ ಎನ್ನುವ ಮೊದಲು ದೇಶ ಯಾವುದೆಂದು ನೋಡಿ. ಅಮೆರಿಕದ ಲಿಬರಲ್ ಸರ್ಕಾರಿ ಯೋಜನೆಗಳ ಪರ. ಆಸ್ಟ್ರೇಲಿಯದಲ್ಲಿ ಲಿಬರಲ್ ಪಾರ್ಟಿಯೇ ಬಲಪಂಥ. ಅಮೆರಿಕದ ಕನ್ಸರ್ವೇಟಿವ್ ಪಂಥಕ್ಕೆ ನಮ್ಮ ದೇಶದ ಹತ್ತಿರದ ಹೋಲಿಕೆ 1959ರಲ್ಲಿ ರಾಜಾಜಿ, ಮೀನೂ ಮಸಾನಿ, ಎನ್.ಜಿ. ರಂಗಾ ಮೊದಲಾದವರು ಕಟ್ಟಿದ ಸ್ವತಂತ್ರ ಪಕ್ಷ. ಎಲ್ಲದಕ್ಕೂ ಸರ್ಕಾರದ ಅಪ್ಪಣೆ ಬೇಕೆಂಬ ಆಡಳಿತವನ್ನು ಹಂಗಿಸಿದ ರಾಜಾಜಿಯವರ ‘ಪರ್ಮಿಟ್–ಲೈಸೆನ್ಸ್–ಕೋಟಾ ರಾಜ್’ ಎಂಬ ಮಾತನ್ನು ಯಾರೂ ಕನ್ನಡಿಸಲು ಹೋಗಲಿಲ್ಲ, ಹಾಗೆಯೇ ಓಡಿತು.

‘ಸ್ವೇಚ್ಛೆ’ ಬೈಗುಳಕ್ಕೆ ಹತ್ತಿರ, ಬಿಡಿ. ‘ವ್ಯಕ್ತಿಸ್ವಾತಂತ್ರ್ಯ’ ಸಾಕು. ತೆರಿಗೆ ವಿರೋಧದ ಪ್ಯಾರಾದಲ್ಲಿ ‘ಕರನಿರಾಕರಣೆ’ ಬಳಸುವುದಿದ್ದರೆ ಮತ್ತೊಮ್ಮೆ ಯೋಚಿಸಿ. ಅಂಕೋಲೆ, ಸಿದ್ದಾಪುರದ ಓದುಗರಿಗೆ ಅದು ಬ್ರಿಟಿಷರಿಗೆ ಕಂದಾಯ ಕೊಡದೆ ಜಮೀನು ಜಪ್ತಿಯಾದ ಚಳವಳಿಯ ಹೆಸರು. ತೆರಿಗೆ ದರ ಇಳಿಸಿ ಎನ್ನುವವರಿಗೆ ‘ತೆರಿಗೆ ಕಡಿತದ ಒತ್ತಾಯ’ ಎಂದರೆ ಸಾಕಾಗುತ್ತದೆ.