ಎ ಲೆವೆಲ್‌ಗೆ ಮೂರೇ ವಿಷಯ: ಯಾವುದನ್ನು ಉಳಿಸಿಕೊಳ್ಳೋದು?

ಎಲ್ಲರಿಗೂ ನಮಸ್ಕಾರ. ಇಯರ್ ಇಲೆವೆನ್ (ನಮ್ಮ ಹತ್ತನೇ ಕ್ಲಾಸಿನ ಹಾಗೆ) ಮಕ್ಕಳ ಅಪ್ಪ ಅಮ್ಮಂದಿರು ಈಗ ಎ ಲೆವೆಲ್‌ಗೆ, ಅಂದರೆ ನಮ್ಮ ಪಿಯುಸಿಯಂಥ ಎರಡು ವರ್ಷದ ಓದಿಗೆ, ಯಾವ ವಿಷಯ ಆರಿಸೋದು ಅನ್ನುವ ಚಿಂತೆಯಲ್ಲಿದ್ದಾರೆ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನ ಹೈಯರ್ಸ್ ಪದ್ಧತಿ ಬೇರೆ.

ನಾವೆಲ್ಲ ಪಿಯುಸಿ ಓದಿ ಬಂದವರು. ಪಿಸಿಎಂಬಿ ತೆಗೆದುಕೊಂಡರೆ ಇಂಜಿನಿಯರಿಂಗೂ ಆಯ್ತು, ಮೆಡಿಕಲ್ಲೂ ಆಯ್ತು. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮೂರೇ ವಿಷಯ, 16ನೇ ವಯಸ್ಸಿಗೇ ಉಳಿದದ್ದೆಲ್ಲ ಕೈಬಿಟ್ಟು ಹೋಗುತ್ತದೆ. ಅದಕ್ಕೇ ನಾಲ್ಕನೆಯದನ್ನೂ ಸೇರಿಸಿಬಿಡೋಣ ಅಂತ ನಮಗೆ ಅನ್ನಿಸುತ್ತದೆ. ಆದರೆ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಕೇಳುವುದು ಮೂರು ವಿಷಯಗಳ ಗ್ರೇಡ್. ನಾಲ್ಕು ಹೊತ್ತು ಸುಸ್ತಾಗುವುದಕ್ಕಿಂತ ಮೂರನ್ನು ಚೆನ್ನಾಗಿ ಓದಿದರೆ ಒಳ್ಳೆಯದು. ಗಣಿತ ಅಂದರೆ ಪ್ರಾಣ ಅನ್ನುವ ಮಗು ಫರ್ದರ್ ಮ್ಯಾಥ್ಸ್ (ಇನ್ನೂ ಮೇಲಿನ ಮಟ್ಟದ ಗಣಿತ) ಸೇರಿಸಿಕೊಳ್ಳುವುದು ಬೇರೆ ವಿಚಾರ.

ಮುಖ್ಯವಾದ ಮಾತು ಇದು. ಮುಂದೆ ಓದಬೇಕಾದ ಕೋರ್ಸಿನ ಹೆಸರು ನೋಡಿ ವಿಷಯ ಆರಿಸಬೇಡಿ. ಕಂಪ್ಯೂಟರ್ ಸೈನ್ಸ್ ಡಿಗ್ರಿಗೆ ದೊಡ್ಡ ಯೂನಿವರ್ಸಿಟಿಗಳು ಕಡ್ಡಾಯ ಮಾಡುವುದು ಗಣಿತವನ್ನು. ಎ ಲೆವೆಲ್ ಕಂಪ್ಯೂಟರ್ ಸೈನ್ಸ್ ಇಲ್ಲದಿದ್ದರೂ ಬಹಳ ಕಡೆ ನಡೆಯುತ್ತದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಎಕನಾಮಿಕ್ಸ್ ಓದಲೂ ಗಣಿತವೇ ಬೇಕು, ಎಕನಾಮಿಕ್ಸ್ ಓದಿರಲೇಬೇಕು ಅಂತಿಲ್ಲ. ಇಂಜಿನಿಯರಿಂಗ್‌ಗೆ ಗಣಿತದ ಜೊತೆ ಫಿಸಿಕ್ಸ್. ಮೆಡಿಸಿನ್‌ಗೆ ಹೆಚ್ಚಿನ ಕಡೆ ಕೆಮಿಸ್ಟ್ರಿ, ಅನೇಕ ಕಡೆ ಬಯಾಲಜಿಯೂ ಬೇಕು. ಕಾನೂನು ಓದಲು ಇಂಥದ್ದೇ ವಿಷಯ ಅಂತ ಸಾಮಾನ್ಯವಾಗಿ ಕೇಳುವುದಿಲ್ಲ.

ಇನ್ನೂ ಏನೂ ತೋಚದ ಮಗುವಾದರೆ, ಗಣಿತ ಕಷ್ಟವಾಗದಿದ್ದರೆ ಅದನ್ನು ಮಾತ್ರ ಬಿಡಿಸಬೇಡಿ.

ಮುಂದೆ ಊರಿಗೆ ವಾಪಸ್ ಹೋಗುವ ಯೋಚನೆ ಇದ್ದವರು ಇನ್ನೊಂದನ್ನು ಗಮನಿಸಿ. ಇಲ್ಲಿನ ಅನೇಕ ಮೆಡಿಕಲ್ ಸ್ಕೂಲುಗಳಿಗೆ ಕೆಮಿಸ್ಟ್ರಿ, ಬಯಾಲಜಿ, ಗಣಿತ ಸಾಕು. ಆದರೆ ನೀಟ್ ಬರೆಯಲು ಫಿಸಿಕ್ಸ್ ಕೂಡ ಓದಿರಬೇಕು. ಎ ಲೆವೆಲ್‌ನ ಕೊನೆಯ ವರ್ಷವಾದ ಇಯರ್ ಥರ್ಟೀನ್‌ನಲ್ಲಿ ಇದು ಗೊತ್ತಾದರೆ ಮಗುವಿಗೆ ಎಷ್ಟು ಸಂಕಟ ಅಲ್ವಾ? ಗಂಡ ಹೆಂಡತಿ ಕೂತು ಈ ಮಾತನ್ನು ಈಗಲೇ ಆಡಿ ಮುಗಿಸಿ.

ಕಡ್ಡಾಯದ ಎರಡು ವಿಷಯ ಗಟ್ಟಿಯಾದ ಮೇಲೆ ಮೂರನೆಯದನ್ನು ಮಗುವಿಗೇ ಬಿಡಿ. ಹಿಸ್ಟರಿ ಇರಲಿ, ಆರ್ಟ್ ಇರಲಿ. "ಅದರಿಂದ ಏನು ಕೆಲಸ ಸಿಗುತ್ತೆ?" ಅಂತ ಸುಮ್ನೆ ಬಾಯಿ ಮುಚ್ಚಿಸಬೇಡಿ. ಎರಡು ವರ್ಷ ದಿನಾ ಆ ಪುಸ್ತಕದ ಮುಂದೆ ಕೂರುವುದು ಮಗು, ನಾವಲ್ಲ.

ಸಿಕ್ಸ್ತ್ ಫಾರಂ (ಎ ಲೆವೆಲ್ ಕಲಿಸುವ ವಿಭಾಗ) ಓಪನ್ ಈವ್ನಿಂಗ್‌ಗೆ ಹೋದಾಗ ಎರಡು ವಿಚಾರ ಕೇಳಿ. ಮಗು ಆರಿಸುವ ವಿಷಯಕ್ಕೆ ಜಿಸಿಎಸ್ಇಯಲ್ಲಿ (ಇಯರ್ ಇಲೆವೆನ್ ಕೊನೆಯ ಪರೀಕ್ಷೆ, 9 ಅತಿ ಮೇಲಿನ ಗ್ರೇಡ್) ಎಷ್ಟು ಗ್ರೇಡ್ ಬೇಕು? ಅನೇಕ ಕಡೆ ಸೈನ್ಸ್, ಗಣಿತಕ್ಕೆ 6 ಅಥವಾ 7 ಕೇಳುತ್ತಾರೆ. ಸೆಪ್ಟೆಂಬರಿನಲ್ಲಿ ತರಗತಿ ಶುರುವಾದ ಮೇಲೆ ವಿಷಯ ಬದಲಿಸಲು ಎಷ್ಟು ವಾರ ಬಿಡುತ್ತಾರೆ? ಉತ್ತರ ಶಾಲೆಯಿಂದ ಶಾಲೆಗೆ ಬೇರೆ, ಅದಕ್ಕೇ ಮೊದಲೇ ಕೇಳಿಟ್ಟುಕೊಳ್ಳಿ.