ಓಪನ್‌ಟ್ರಿಪ್‌ಪ್ಲಾನರ್‌ನಲ್ಲಿ ಬಸ್ ಬರುತ್ತಿಲ್ಲ, ಬರೀ ನಡಿಗೆ ದಾರಿ ತೋರಿಸುತ್ತಿದೆ

ತೊಗರಿಕಣಜ:
ಆಳಂದ ತಾಲೂಕಿನ ಹಳ್ಳಿಗಳಿಂದ 60 ನಿಮಿಷದಲ್ಲಿ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಮುಟ್ಟಬಹುದಾ ಅಂತ ಓಪನ್‌ಟ್ರಿಪ್‌ಪ್ಲಾನರ್ (ಬಸ್, ನಡಿಗೆ ದಾರಿ ಹುಡುಕಿಕೊಡುವ ಸಾಫ್ಟ್‌ವೇರ್) ಬಳಸಿ ನಕ್ಷೆ ಮಾಡುತ್ತಿದ್ದೇನೆ. ಬಸ್ ಸ್ಟ್ಯಾಂಡಿನ ಬೋರ್ಡ್ ನೋಡಿ, ಸ್ಟಾಪ್ ಮತ್ತು ವೇಳಾಪಟ್ಟಿ ಇರುವ ಜಿಟಿಎಫ್‌ಎಸ್ ಫೈಲ್ ನಾನೇ ಬರೆದೆ. ರಸ್ತೆಗಳು ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನವು. ಹೊರಡುವ ಹೊತ್ತು ಬೆಳಿಗ್ಗೆ 8. ಮೇನ್ ರೋಡಿನ ಊರಿಂದಲೂ ನಡೆದೇ ಹೋಗು ಅನ್ನುತ್ತೆ! ಎರರ್ ಒಂದೂ ಇಲ್ಲ. ಎರಡು ರಾತ್ರಿ ಹಾಳಾಯ್ತು.

ಬೀದರಕೋಟೆ:
ಸ್ಟಾಪ್‌ಗಳ ಅಕ್ಷಾಂಶ, ರೇಖಾಂಶ ಅದಲುಬದಲು ಆಗಿಲ್ಲ ಅಲ್ವಾ? ಕಲಬುರಗಿ 17.3, 76.8. ತಿರುಗಿಸಿ ಬರೆದರೆ ಸ್ವಾಲ್‌ಬಾರ್ಡ್ ಹತ್ತಿರದ ಹಿಮಕ್ಕೆ ಹೋಗುತ್ತೆ. ನಮ್ಮ ಮೇ ತಿಂಗಳ ಬಿಸಿಲಿಗೆ ಅದೂ ವಾಸಿ.

ತೊಗರಿಕಣಜ:
ನೋಡಿದೆ ಅಣ್ಣಾ, ಸ್ಟಾಪ್ ಎಲ್ಲ ಜಾಗದಲ್ಲೇ ಇವೆ.

ಬೀದರಕೋಟೆ:
ಹಾಗಾದರೆ ಬಸ್ ಯಾವ ದಿನದಿಂದ ಯಾವ ದಿನದವರೆಗೆ ಓಡುತ್ತೆ ಅಂತ ಹೇಳುವ ಕ್ಯಾಲೆಂಡರ್ ಫೈಲ್ ತೆರೆಯಿರಿ. ಕೊನೆಯ ದಿನಾಂಕ ಏನಿದೆ? ಆ ದಿನ ದಾಟಿದ ಮೇಲಿನ ದಿನಕ್ಕೆ ಲೆಕ್ಕ ಕೇಳಿದರೆ ಸಾಫ್ಟ್‌ವೇರ್ ಪಾಲಿಗೆ ಬಸ್ಸೇ ಇಲ್ಲ. ಸುಮ್ನೆ ನಡಿಗೆ ಕೊಡುತ್ತೆ.

ತೊಗರಿಕಣಜ:
ಅಯ್ಯೋ, 20231231, ಅಂದರೆ 2023ರ ಡಿಸೆಂಬರ್ 31! ಹಳೆ ಮಾದರಿ ಕಾಪಿ ಹೊಡೆದಿದ್ದೆ. ಬದಲಿಸಿದೆ, ಬಸ್ ಬಂತು. ಆದರೆ ಅಕ್ಕಪಕ್ಕದ ಎರಡು ಊರಲ್ಲಿ ಒಂದು ಹಸಿರು (60 ನಿಮಿಷದಲ್ಲಿ ಮುಟ್ಟಬಹುದು), ಒಂದು ಕೆಂಪು (ಆಗಲ್ಲ). ಇದು ಸರಿನಾ?

ಭೀಮಾತೀರ:
ಎರಡು ಕಾರಣ ಇರಬಹುದು. 8ಕ್ಕೆ ಮಾತ್ರ ನೋಡಿದರೆ 7:55ರ ಬಸ್ಸಿನ ಊರು ಸೋಲುತ್ತೆ, 8:05ರದು ಗೆಲ್ಲುತ್ತೆ. 7ರಿಂದ 9ರವರೆಗೆ ನಿಮಿಷ ನಿಮಿಷಕ್ಕೂ ಹೊರಡಿಸಿ, ಬಂದ ಪ್ರಯಾಣದ ಸಮಯಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು (ಮೀಡಿಯನ್) ತಗೊಳ್ಳಿ. ಇನ್ನೊಂದು, 60ರ ಗೆರೆ. ಆಳಂದವೇ ಸುಮಾರು 40 ಕಿ.ಮೀ. ದೂರ, ಬಸ್ಸಿಗೆ ಗಂಟೆಯ ಆಸುಪಾಸು. 58 ನಿಮಿಷಕ್ಕೆ ಪೂರ್ತಿ ಅಂಕ, 62ಕ್ಕೆ ಸೊನ್ನೆ ಅಂದರೆ ಯಾವ ನ್ಯಾಯ? 1959ರಲ್ಲೇ ವಾಲ್ಟರ್ ಹ್ಯಾನ್ಸನ್ ಎಂಬ ಸಂಶೋಧಕರು ದೂರ ಹೆಚ್ಚಿದಂತೆ ತೂಕ ಇಳಿಸುವ ಸೂತ್ರ ಕೊಟ್ಟಿದ್ದಾರೆ, ಅದನ್ನೂ ಹಾಕಿ ನೋಡಿ.

ಆದರೆ ದಿನಕ್ಕೆ ಮೂರೇ ಬಸ್ ಇರುವ ಊರಿಗೆ ಆ ನಡುವಿನ ಸಮಯವೂ ಮೋಸವೇ. ಅಲ್ಲಿಯವರು ಬಸ್ಸಿನ ಹೊತ್ತು ನೋಡಿಯೇ ಮನೆ ಬಿಡುತ್ತಾರೆ. ಅಂಥ ಊರಿಗೆ ಕೇಳಬೇಕಾದದ್ದು ಬೇರೆ: ಬೆಳಗಿನ ಬಸ್ಸಿಗೆ ಹೋಗಿ, ಎರಡು ಗಂಟೆ ಆಸ್ಪತ್ರೆಯಲ್ಲಿದ್ದು, ಅದೇ ದಿನ ಮನೆಗೆ ಬರಬಹುದಾ? ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ ಸರಿ, ವಾಪಸ್ ಬಸ್ ಇಲ್ಲದಿದ್ದರೆ?

ತೊಗರಿಕಣಜ:
ವಾಪಸ್ ಬಸ್ಸನ್ನೂ ಸೇರಿಸಿದೆ. ಹಸಿರಾಗಿದ್ದ ನಾಲ್ಕು ಊರು ಕೆಂಪಾದವು. ಅದರಲ್ಲಿ ನಮ್ಮತ್ತೆಯ ಊರೂ ಇದೆ. ಅವರು ರಾತ್ರಿ ನಮ್ಮನೆಯಲ್ಲೇ ಉಳಿದು ಹೋಗೋದು ಯಾಕೆ ಅಂತ ಈಗ ಗೊತ್ತಾಯ್ತು.